ಒಂದು ‘ಮ್ಮ’

ಹಗಲೆಲ್ಲ ಹಲ್ಲು ಕಟ್ಟುತ್ತೇನೆ, ಗೋಣಿಕೊಪ್ಪದ ಲ್ಯಾಬಿನಲ್ಲಿ.
ಯಾರದೋ ದವಡೆಯ ಅಚ್ಚು, ಮೇಣ,
ಕಡಲೆಬೀಜದಷ್ಟು ಲೋಹ.
ಆ ಬಾಯಿಗಳ ಒಡೆಯರನ್ನು ನಾನು ಕಂಡೇ ಇಲ್ಲ.
ಭಾನುವಾರ ಮಾತ್ರ ನನ್ನದು:
ಹಿತ್ತಿಲಲ್ಲಿ, ಹಿಂದೆ ಹಂದಿಗೂಡಿದ್ದ ಸಿಮೆಂಟು ನೆಲದ ಮೇಲೆ
ಪೇಂಟ್ ಡಬ್ಬಿಗೆ ಒಳಗೋಡೆ ಮೆತ್ತಿ ಮಾಡಿದ ಕುಲುಮೆ.
ನಾದಿನಿಯ ಹೇರ್‌ಡ್ರೈಯರ್ ಅದರ ತಿದಿ.
ಗೆರಟೆ ಇದ್ದಿಲು ಕೆಂಪಾದರೆ ಸಾಕು,
ನನಗೆ ಯಾರೂ ಬೇಡ.

ಸರಕು ಮೊಯ್ದು ಕಾಕನ ಗುಜರಿಯಿಂದ.
ಜೀಪಿನ ಪಿಸ್ಟನ್, ಕುಕ್ಕರಿನ ಮುಚ್ಚಳ,
ಏನೆಂದು ಹೇಳಲಾಗದ ಸೊಟ್ಟ ತುಂಡುಗಳು.
ಕರಗಿದ್ದನ್ನು ಸ್ಟೀಲಿನ ಇಡ್ಲಿ ತಟ್ಟೆಗೆ ಹುಯ್ದು ಆರಿಸುತ್ತೇನೆ.
ಆ ತಟ್ಟೆ ಇನ್ನು ಇಡ್ಲಿಗಾಗದು;
ಅತ್ತೆ ಆ ಲೆಕ್ಕ ಇನ್ನೂ ಬಿಟ್ಟಿಲ್ಲ.

ಕಾಫಿ ಕೊಯ್ದು ಮುಗಿದ ವಾರ, ಒಂಬತ್ತು ಇಡ್ಲಿ ಮಾಡಿಟ್ಟ ಮರುದಿನ
ಬಸ್ಸಿಗೆ ನಿಂತವಳು ತಲೆಯೆತ್ತಿದೆ:
ದೇಚ      ಸ್ಮಾರಕ ತಂಗುದಾಣ.
ನಡುವೆ ಮೂರು ತಿರುಪಿನ ತೂತು,
ಬಿಸಿಲು ತಾಗದ ಬಣ್ಣದಲ್ಲಿ
ಹೋದ ಅಕ್ಷರದ ತಿಳಿ ಗುರುತು.

ಕಣ್ಣಿಗಿಂತ ಮೊದಲು ಕೈಗೆ ನೆನಪಾಯಿತು.
ಕುಲುಮೆಗೆ ಕೊನೆಯಲ್ಲಿ ಹಾಕಿದ್ದು,
ಬಾಗಿಲ ಹಿಡಿಕೆಯ ಮುರುಕು ಎಂದುಕೊಂಡದ್ದು.
ಇಕ್ಕಳದಲ್ಲಿ ಎತ್ತಿದಾಗ ಅದರ ಬಾಲ ಸುರುಳಿಯಾಗಿ ಮೇಲಕ್ಕೆ ತಿರುಗಿತ್ತು.
ಹಿಡಿಕೆಗೆ ಯಾರು ಹಾಗೆ ಬಾಲ ಇಡುತ್ತಾರೆ?

ಮೊಯ್ದು ಕಾಕ ತಕ್ಕಡಿ ಒರೆಸುತ್ತ ಅಂದರು,
“ತೂಕದ ಕಲ್ಲಿಗೆ ಅಕ್ಷರ ಬರುತ್ತದಾ, ಮೋಳೇ?”
ಅವರಿಗೂ ಬರುವುದಿಲ್ಲ.
ನನಗೆ ಬರುತ್ತದೆ, ಅದೇ ಕಷ್ಟ.

ದೇಚಮ್ಮ ಯಾರೋ ನಾನರಿಯೆ.
ಅವಳ ಹೆಸರಿನ ಕೆಳಗೆ ಹನ್ನೊಂದು ವರ್ಷ ಬಸ್ಸಿಗೆ ಕಾದಿದ್ದೇನೆ,
ಅಷ್ಟೇ ಬಳಕೆ.
ಒಂಬತ್ತು ಇಡ್ಲಿಗಳಲ್ಲಿ ಅವಳು ಯಾವುದರಲ್ಲಿ?
ಕರಗಿದ ಮೇಲೆ ಪಾಲು ಕೇಳುವಂತಿಲ್ಲ:
ಎಲ್ಲದರಲ್ಲೂ ಒಂದಿಷ್ಟು,
ಪಿಸ್ಟನ್ನಿನ ಜೊತೆ, ಕುಕ್ಕರಿನ ಜೊತೆ.

ಫ್ರಿಜ್ಜಿನ ಥರ್ಮೋಕೋಲಿನಲ್ಲಿ ಅಕ್ಷರ ಕೊರೆದೆ.
ಕಾದ ತಂತಿಗೆ ‘ಮ’ದ ಹೊಟ್ಟೆ ಸುಲಭ, ಕುತ್ತಿಗೆ ಕಷ್ಟ.
ಕೀರೆಹೊಳೆಯ ಮರಳನ್ನು ಕಾವಲಿಯಲ್ಲಿ ರವೆಯಂತೆ ಹುರಿದೆ;
ಒಂದು ಹನಿ ಉಳಿದರೂ ಲೋಹ ಒಗ್ಗರಣೆಯ ಸಾಸಿವೆ.
ಪಾದದ ಮೇಲಿನ ಈ ಕಲೆ ಹೋದ ವರ್ಷದ ಪಾಠ.

ಮೊದಲ ಸಲ ಹುಯ್ದೆ. ಕಪ್ಪು ಹೊಗೆ, ಗಬ್ಬು ನಾತ.
ಮರಳು ಕೆದಕಿದರೆ
ಬಾಲ ತುಂಬುವ ಮೊದಲೇ ಹೆಪ್ಪುಗಟ್ಟಿ
‘ಮ’ ಹೋಗಿ ‘ವ’ ಬಂದಿತ್ತು.
ಎರಡನೆಯ ಸಲ ಮತ್ತೆ ‘ವ’.
ಮೂರನೆಯದು ಯಾವ ಭಾಷೆಯದ್ದೂ ಅಲ್ಲ.
ಅತ್ತೆ ಕಿಟಕಿಯಿಂದ,
“ಬಣ್ಣದಲ್ಲಿ ಬರೆದುಬಿಡು ಮಾರಾಯ್ತಿ.”

ಒತ್ತು ಮಾತ್ರ ಮೊದಲ ಏಟಿಗೇ ಬಂತು;
ದವಡೆಹಲ್ಲಿನಷ್ಟು, ನನ್ನ ಕೈಗೆ ಪಳಗಿದ ಗಾತ್ರ.
ಜೇಬಲ್ಲಿಟ್ಟು ಮೂರು ವಾರ ಓಡಾಡಿದೆ.
ಜೋತುಬೀಳಲು ಅಕ್ಷರವಿಲ್ಲದ ಒತ್ತು
ಬೀಗದ ಕೈಗಳ ಜೊತೆ ಕುಲುಕಾಡಿತು.

ಆಮೇಲೆ ಹೊಳೆಯಿತು, ಲ್ಯಾಬಿನಲ್ಲಿ,
ಬೇರೆಯವರ ಹಲ್ಲು ಹಿಡಿದಿರುವಾಗ:
ಬಾಲದ ತುದಿಯಿಂದ ಹುಯ್ಯಬೇಕು.
ಕಲಿಸಿದವರು ದಪ್ಪ ಕಡೆಯಿಂದ ಎಂದಿದ್ದರು. ಇರಲಿ.
ತೆಳ್ಳಗಿನ ದಾರಿಯನ್ನು ಬಿಸಿಯಿರುವಾಗಲೇ ದಾಟಲಿ,
ಹೊಟ್ಟೆ ತನ್ನಷ್ಟಕ್ಕೆ ತುಂಬಿಕೊಳ್ಳುತ್ತದೆ.
ಸ್ಲೇಟಿನಲ್ಲಿ ಕೊನೆಗೆ ಎಳೆಯುವುದನ್ನು
ಎರಕದಲ್ಲಿ ಮೊದಲು ಎಳೆಯಬೇಕು.

ನಿನ್ನೆ ಏಣಿ ಹಾಕಿ ಎರಡು ತಿರುಪು ತಿರುಗಿಸಿದೆ.
ಹಳೆಯ ಗುರುತಿಗೆ ಸರಿಯಾಗಿ ಕೂರಲಿಲ್ಲ, ಒಂದು ನೂಲು ಎಡಕ್ಕೆ.
ಮೈತುಂಬ ಸಾಬಕ್ಕಿಯ ಗುಳಿಗಳು,
ಅಕ್ಕಪಕ್ಕದ ಅಕ್ಷರಗಳಿಗಿಂತ ಬಿಳಿ.
ಕೆಳಗೆ ಕೂತಿದ್ದ ಮುದುಕಿ ಕೇಳಿದಳು:
“ವಿರಾಜಪೇಟೆ ಬಸ್ಸು ಹೋಯಿತಾ?”
ಇಲ್ಲ ಎಂದು ಇಳಿದು, ಏಣಿ ಮಡಚುವಾಗ
ಜೇಬು ಕುಲುಕಿತು.
ಬೋರ್ಡು ಇನ್ನೂ ‘ದೇಚಮ’ ಎನ್ನುತ್ತಿತ್ತು.
ಮತ್ತೆ ಹತ್ತಿದೆ.